ಗುಡಿ ಮುಂದಿನ ಗುಲಾಬಿ ಶೂ

"ನಮ್ಮಮ್ಮ ಎಲ್ಲಿ?"

ಕೆರೆ ಏರಿಯ ಕೆಳಗೆ, ಓಟ ಮುಗಿಯುವ ಗೆರೆಯ ಮೇಲೆ ನಿಂತು ಯಮುನಾ ಕೇಳಿದಳು. ಎದುರಿಗಿದ್ದವನ ಮುಖ ಬಿಳಿಚಿಕೊಂಡಿತು.

ಅವನ ಹೆಗಲ ಮೇಲೆ ಕೆಂಪು ಬಾವುಟಗಳ ಹೊರೆ. ದಾರಿ ತೋರಿಸಲು ನೆಟ್ಟ ಬಾವುಟಗಳನ್ನು ಎಲ್ಲರಿಗಿಂತ ಕೊನೆಗೆ ಬರುವವನು ಕಿತ್ತುಕೊಂಡು ಬರಬೇಕು. ಅವನ ಹಿಂದೆ ಒಂದು ನರಪಿಳ್ಳೆಯೂ ಉಳಿದಿರಬಾರದು!

"ನನ್ನ ಹಿಂದ ಯಾರೂ ಇಲ್ರಿ..." ಅವನು ತಡವರಿಸಿದ. "ಎಲ್ಲಾರೂ ಬಂದ್ರಂತ..."

"ಪಿಂಕ್ ಶೂ ಹಾಕಿರೋ ನಮ್ಮಮ್ಮ ಬಂದ್ರಾ? ಕಣ್ಣು ಕಾಣ್ಸಲ್ವೇನ್ರೀ ನಿಮ್ಗೆ?"

ಅವನು ಬಾವುಟಗಳನ್ನು ಅಲ್ಲೇ ಎಸೆದು, ಬಂದ ದಾರಿಯಲ್ಲೇ ಓಡಿದ.

ಅವನ ಹೆಸರು ಚನ್ನು. ಗದಗದವನು, ಮಾರತ್ತಹಳ್ಳಿಯಲ್ಲಿ ಕೆಲಸ, ಮರ್ಫಿ ಟೌನ್ ಓಟಗಾರರ ಕ್ಲಬ್ಬಿನ ನಾಯಕ. ಪೂರ್ವ ಬೆಂಗಳೂರಿನ ಐದು ಕ್ಲಬ್ಬುಗಳು ಸೇರಿ ಒಂದು ಲೀಗ್ ಮಾಡೋಣ, ಬಹುಮಾನ ಬೇಡ, ಮಣ್ಣಿನಲ್ಲಿ ಓಡೋಣ, ಆಮೇಲೆ ಒಟ್ಟಿಗೆ ಇಡ್ಲಿ ತಿನ್ನೋಣ ಎಂದು ಕನಸು ಕಂಡವಳು ಕೆ.ಆರ್. ಪುರದ ಯಮುನಾ. ಆ ಕನಸಿಗೆ ಮೊದಲು ಹೂಂ ಅಂದವನು ಅವನೇ. ಈ ರೌಂಡ್ ಇಲ್ಲಿ, ಕೊನೆಯದು ಮರ್ಫಿ ಟೌನಿನಲ್ಲಿ ಎಂದು ಮಾತಾಗಿತ್ತು. ಎರಡು ತಿಂಗಳಿಂದ ಇಬ್ಬರದೂ ಬರೀ ಫೋನಿನಲ್ಲೇ ಮಾತು. "ಚಿಂತಿ ಮಾಡಬ್ಯಾಡ್ರಿ, ನಾ ಅದೀನಿ" ಎನ್ನುವ ಆ ದನಿಗಾಗಿ ಅವಳು ಕಾಯತೊಡಗಿದ್ದಳು. ಇವತ್ತು ಮೊದಲ ಸಲ ಮುಖ ನೋಡುವ ದಿನ. ಅದಕ್ಕೇ ಅಲ್ಲವೇ, ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ಅಷ್ಟು ಹೊತ್ತು ನಿಂತದ್ದು!

ಮುಖವೇನೋ ನೋಡಿದಳು. ನೋಡಿದ ಕೂಡಲೇ ಮೈಯೆಲ್ಲ ಉರಿದುಹೋಯಿತು.

ಇಡ್ಲಿಗಳೆಲ್ಲ ಆರಿದ ಮೇಲೆ ಅಮ್ಮ ರಾಮಲಕ್ಷ್ಮಮ್ಮ ಬಂದರು. ಸೀರೆಯ ಅಂಚೆಲ್ಲ ಕೆಸರು, ಮೊಣಕೈಯಲ್ಲಿ ತರಚು ಗಾಯ. ಬಾವುಟ ಕಾಣದೆ ನೀಲಗಿರಿ ತೋಪಿನಲ್ಲಿ ದಾರಿ ತಪ್ಪಿ ಹಳ್ಳಕ್ಕೆ ಜಾರಿದ್ದರು. ಚನ್ನು ಅವರ ಕೈ ಹಿಡಿದುಕೊಂಡಿದ್ದ.

"ಬಿಡ್ರೀ ಕೈ!" ಯಮುನಾ ಅಮ್ಮನನ್ನು ಎಳೆದುಕೊಂಡಳು. "ಐವತ್ತು ದಾಟಿದೋರೊಬ್ರು ಪ್ರತಿ ಟೀಮಲ್ಲೂ ಇರ್ಬೇಕು ಅಂತ ರೂಲ್ ಮಾಡಿದ್ದು ನಾನು. ನಿಮ್ಮನ್ನ ನಂಬಿ ನಮ್ಮಮ್ಮನ್ನ ಓಡಿಸ್ದೆ. ನಿಮ್ಮನ್ನ ನಂಬಿ!"

ಚನ್ನು ರಾಮಲಕ್ಷ್ಮಮ್ಮನವರ ಕಡೆ ನೋಡಿದ. ಅವರು ನೆಲ ನೋಡಿದರು.

"ತಪ್ಪಾತ್ರಿ," ಎಂದ ಅವನು. "ನಂದಽ ತಪ್ಪು."

"ಅಷ್ಟೇನಾ? ಒಂದು ಕಾರಣನೂ ಇಲ್ವಾ?"

"ಇಲ್ರಿ."

ಕಾರಣ ಹೇಳಿದ್ದರೆ ಅರ್ಧ ಸಿಟ್ಟಾದರೂ ಇಳಿಯುತ್ತಿತ್ತು. ಸುಮ್ಮನೆ ನಿಂತವನ ಮೇಲೆ ಅದು ದುಪ್ಪಟ್ಟಾಯಿತು. ಐದು ಕ್ಲಬ್ಬುಗಳ ಜನರೆಲ್ಲ ಇಡ್ಲಿ ತಟ್ಟೆ ಹಿಡಿದು ನೋಡುತ್ತಿರುವಾಗ ಅವಳು ಕೂಗಿದಳು:

"ಕೊನೇ ರೌಂಡ್ ನಡೆಸೋ ಯೋಗ್ಯತೆ ನಿಮ್ ಕ್ಲಬ್ಬಿಗಿಲ್ಲ. ಅದೂ ಇಲ್ಲೇ ನಡೆಯತ್ತೆ. ನೀವು ಪಾರ್ಕಿಂಗಲ್ಲಿ ಗಾಡಿ ನಿಲ್ಸಿ, ಸಾಕು!"

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಅನ್ನುತ್ತಾರೆ. ಈ ಹುಡುಗಿಗೆ ಆ ಗಾದೆ ಗೊತ್ತಿರಲಿಲ್ಲವೆಂದಲ್ಲ. ಅವತ್ತು ಕೈಯಲ್ಲಿ ಕುಡುಗೋಲಿತ್ತು, ಅಷ್ಟೇ.

ಮರ್ಫಿ ಟೌನ್ ಕ್ಲಬ್ಬಿನ ಶೀಬಾ ಮರುದಿನವೇ ಫೋನ್ ಮಾಡಿದಳು.

"ಅಲ್ಲ ಯಮುನಾ, ಗ್ರೌಂಡ್ ಪರ್ಮಿಷನ್ ಆಗಿತ್ತು, ಬ್ಯಾನರ್ ಬರೆಸಿದ್ವಿ! ನಮ್ ಹುಡುಗ್ರೆಲ್ಲ ಈಗ ಚನ್ನುನ ಮಾತಾಡಿಸ್ತಾನೇ ಇಲ್ಲ. ಅವನೂ ಬಾಯಿ ಬಿಡ್ತಿಲ್ಲ. ಏನೋ ಇದೆ ಕಣೆ..."

"ತಪ್ಪು ಮಾಡಿದೋರು ಬಾಯಿ ಹೆಂಗ್ ಬಿಡ್ತಾರೆ?"

ಫೋನ್ ಇಟ್ಟಳು. ಆದರೆ ಸಂಜೆಯಾದರೆ ಆ ಫೋನನ್ನೇ ನೋಡುತ್ತ ಕೂರುವಳು. 'ಒಂದು ಮೆಸೇಜ್ ಹಾಕಕ್ಕೂ ಆಗಲ್ವಾ ಇವನಿಗೆ? ಜಗಳ ಆದ್ರೂ ಆಡ್ಬಾರ್ದಾ? ನಂಬಿದ್ದೆನಲ್ಲ... ಛೇ! ನಂಬಿದ್ದಷ್ಟೇ ಆಗಿದ್ರೆ ಇಷ್ಟು ಉರೀತಿತ್ತಾ?'

ದಿಂಬಿಗೆ ಗುದ್ದಿದಳು. ಪಾಪ, ದಿಂಬು ಏನು ಮಾಡಿತ್ತು?

ಕೊನೆಯ ರೌಂಡಿನ ಬೆಳಿಗ್ಗೆ ಯಮುನಾ ಅಮ್ಮನ ಶೂ ಲೇಸು ತಾನೇ ಬಿಗಿದಳು.

"ಎಲ್ಲೂ ನಿಲ್ಬೇಡ. ಯಾರನ್ನೂ ಮಾತಾಡಿಸ್ಬೇಡ. ಈ ಸಲ ಎಲ್ಲರಿಗಿಂತ ಹಿಂದೆ ನಾನೇ ಬರ್ತೀನಿ, ಬಾವುಟ ನಾನೇ ಕೀಳ್ತೀನಿ."

"ನೀನಾ?" ರಾಮಲಕ್ಷ್ಮಮ್ಮ ಯಾಕೋ ಕಾಲು ಹಿಂದಕ್ಕೆಳೆದುಕೊಂಡರು. "ನೀನ್ಯಾಕವ್ವಾ... ಬ್ಯಾರೆ ಯಾರೂ ಇಲ್ವಾ?"

"ಬೇರೆಯೋರನ್ನ ನಂಬಿದ್ದು ಸಾಕು."

ಓಟ ಶುರುವಾಯಿತು. ಎಲ್ಲರೂ ಏರಿ ಹತ್ತಿ ಮರೆಯಾದರು. ಯಮುನಾ ಒಂದೊಂದೇ ಬಾವುಟ ಕೀಳುತ್ತ ನಡೆದಳು. ಒಂದೊಂದು ಕೀಳುವಾಗಲೂ ಅವನಿಗೊಂದು ಬೈಗುಳ.

ತೋಪಿನ ಅಂಚಿನಲ್ಲಿ ಮುನೇಶ್ವರನ ಗುಡಿ ಬಂತು. ದಾರಿಯಲ್ಲಿ ಯಾರೂ ಕಾಣಲಿಲ್ಲ. ಎಲ್ಲರೂ ಮುಂದೆ ಹೋಗಿದ್ದಾರೆ ಎಂದುಕೊಂಡು ಮುಂದಿನ ಬಾವುಟಕ್ಕೆ ಕೈ ಹಾಕಿದಳು.

ಆಗ ಕಂಡಿತು. ಗುಡಿಯ ಮೆಟ್ಟಿಲ ಪಕ್ಕ, ಜೋಡಿಸಿಟ್ಟ ಒಂದು ಜೊತೆ ಗುಲಾಬಿ ಶೂ.

ಅವಳೇ ಕೊಡಿಸಿದ್ದು. ಅರ್ಧ ಗಂಟೆ ಹಿಂದೆ ಅವಳೇ ಲೇಸು ಕಟ್ಟಿದ್ದು!

ಗುಡಿಯ ಹಿಂದಿನಿಂದ ರಾಮಲಕ್ಷ್ಮಮ್ಮ ಕೈ ಮುಗಿದುಕೊಂಡು, ಬರಿಗಾಲಲ್ಲಿ, ನಿಧಾನವಾಗಿ ಸುತ್ತಿ ಬಂದರು. ಮಗಳನ್ನು ಕಂಡು ಒಂದು ಕ್ಷಣ ನಿಂತರು.

"ಅಮ್ಮಾ!"

"ಇರು. ಇನ್ನೊಂದ್ ಸುತ್ತು ಐತೆ."

ಮೂರನೆಯ ಸುತ್ತು ಮುಗಿಯುವವರೆಗೆ ಯಮುನಾ ಆ ಶೂಗಳನ್ನೇ ನೋಡಿದಳು. ಎಲ್ಲ ಅರ್ಥವಾಗುತ್ತಿತ್ತು. ಅವತ್ತೂ ಅಮ್ಮ ಗುಡಿಯ ಹಿಂದಿದ್ದರು. ಅವತ್ತೂ ದಾರಿ ಖಾಲಿ ಕಂಡಿತ್ತು. ಅವನೂ ತನ್ನ ಹಾಗೆಯೇ ಬಾವುಟಕ್ಕೆ ಕೈ ಹಾಕಿದ್ದ.

"ನಲವತ್ ವರ್ಷದಿಂದ ಈ ಮುನಿಯಪ್ಪನ ಗುಡಿ ಮುಂದೆ ಹಂಗೇ ದಾಟಿದೋಳಲ್ಲ ಕಣೆ," ರಾಮಲಕ್ಷ್ಮಮ್ಮ ಮೆಟ್ಟಿಲ ಮೇಲೆ ಕೂತರು. "ಓಟ ಅಂತ ಓಡೋಗಕ್ಕಾಯ್ತದಾ? ನಾನೇ ಆ ಹುಡುಗನ ಕೈಲಿ ಆಣೆ ಹಾಕಿಸ್ಕೊಂಡೆ, ನಿಂಗೆ ಹೇಳ್ಬೇಡ ಅಂತ."

"ಯಾಕಮ್ಮಾ?"

"ಹೇಳಿದ್ರೆ ನೀನು ಇನ್ಮೇಲೆ ಓಡಕ್ಕೇ ಬಿಡಲ್ಲ. ನಿನ್ ಸಿಟ್ಟು ನಂಗೊತ್ತಿಲ್ವಾ? ಮನೇಲಿ ಬಾಡಿಗೆದಾರ್ರ ಜಗಳ ಕೇಳ್ಕೊಂಡು ಕೂತಿದ್ದೆ. ಈ ಓಟ ಬಂದ್ಮೇಲೆ ಜೀವ ಬಂದೈತೆ ನಂಗೆ... ಅದನ್ನ ಕಿತ್ಕೊಬೇಡ."

ಯಮುನಾಗೆ ಅಳು ಬಂತು. ಅದಕ್ಕಿಂತ ಮೊದಲು ಸಿಟ್ಟು ಬಂತು. ಬಗ್ಗಿ ಅಮ್ಮನ ಶೂ ಲೇಸು ಮತ್ತೆ ಕಟ್ಟಿದಳು.

"ಏಳು. ಓಡು. ನಾನು ಹಿಂದೆ ಇದೀನಿ."

ರಾಮಲಕ್ಷ್ಮಮ್ಮ ಗೆರೆ ದಾಟಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಯಮುನಾ ನಿಲ್ಲಲಿಲ್ಲ. ಸೀದಾ ಪಾರ್ಕಿಂಗಿಗೆ ಹೋಗಿ, ಸ್ಕೂಟರ್ ಸಾಲು ಸರಿಮಾಡುತ್ತಿದ್ದ ಚನ್ನುವಿನ ಕಾಲ ಬುಡಕ್ಕೆ ಬಾವುಟಗಳ ಹೊರೆ ಎಸೆದಳು.

"ಯಾರ್ರೀ ನಿಮ್ಗೆ ದೊಡ್ಡ ಮನುಷ್ಯ ಆಗಿ ಅಂದಿದ್ದು?"

"ಅಂದ್ರ... ಗೊತ್ತಾತೇನ್ರಿ?"

"ಬಾಯಿಲ್ವಾ ನಿಮ್ಗೆ? ನಿಮ್ ಕ್ಲಬ್ಬಿಂದ ಕೊನೇ ರೌಂಡ್ ಕಿತ್ಕೊಂಡೆ, ಹೆಂಗೆ ಸುಮ್ನೆ ನಿಂತ್ಕೊಂಡ್ರಿ?"

"ಅಮ್ಮಾರಿಗೆ ಮಾತು ಕೊಟ್ಟಿದ್ದೆನ್ರಿ. ಮತ್ತ, ನಂದೂ ತಪ್ಪಿತ್ತು. ಶೂ ಕಂಡಿದ್ವು ನನಗ. ಯಾರೋ ಪೂಜಾರಿದು ಅಂದ್ಕೊಂಡೆ."

"ಪಿಂಕ್ ಶೂ ಹಾಕೋ ಪೂಜಾರೀನಾ!"

ನಗು ಬಂತು. ಬಂದ ನಗುವಿನ ಮೇಲೂ ಸಿಟ್ಟು ಬಂತು. ಅವಳು ತಿರುಗಿ, ಇಡ್ಲಿ ತಿನ್ನುತ್ತಿದ್ದ ಜನರ ಕಡೆ ಗಂಟಲು ಹರಿಯುವಂತೆ ಕೂಗಿದಳು:

"ಕೇಳ್ರೀ ಎಲ್ಲಾ! ಅವತ್ತು ತಪ್ಪು ಇವ್ರದ್ದಲ್ಲ. ನಾನು ಬೈದಿದ್ದು ತಪ್ಪು. ಮುಂದಿನ ಸೀಸನ್ ಶುರುವಾಗೋದು ಮರ್ಫಿ ಟೌನಿಂದ!"

"ನಾನೇ ಗುಡಿ ಸುತ್ತುತಾ ಇದ್ದೆ ಕಣ್ರಪ್ಪಾ!" ರಾಮಲಕ್ಷ್ಮಮ್ಮನೂ ಅಲ್ಲಿಂದಲೇ ಕೂಗಿದರು.

ಶೀಬಾ ಸಿಳ್ಳೆ ಹೊಡೆದಳು. ಚನ್ನು ಕಿವಿಯವರೆಗೆ ಕೆಂಪಾದ.

"ಸಣ್ಣಗ ಹೇಳಿದ್ರೂ ನಡೀತಿತ್ರಿ."

"ಎಲ್ಲರ ಮುಂದೆ ಬೈದಿದ್ದು, ಮೂಲೇಲಿ ನಿಂತು ಸಾರಿ ಕೇಳ್ಲಾ? ಒಂದ್ ಫೋನ್ ಮಾಡಿಲ್ಲ ನೀವು. ಒಂದೂ! ದಿನಾ ಕಾಯ್ತಿದ್ದೆ..."

"ಮಾಡಿದ್ರ ಸುಳ್ಳು ಹೇಳಬೇಕಾಗಿತ್ತು. ನಿಮ್ಮ ಮುಂದ ಆಗಂಗಿಲ್ರಿ ನನಗ. ಬೈಗುಳ ತಡ್ಕೊಂಡೆ. ನಿಮ್ಮ ದನಿ ಕೇಳ್ದಽ ಇರೋದು ಮಾತ್ರ..."

ಅವಳು ಕಣ್ಣೊರೆಸಿಕೊಂಡಳು. "ನೀವಂದ್ರೆ ಇಷ್ಟ ನಂಗೆ. ಸಿಟ್ಟಲ್ಲಿ ಹೇಳ್ತಿದೀನಿ ಅಂದ್ಕೋಬೇಡಿ. ಸಿಟ್ಟು ಬಂದಿದ್ದೇ ಅದಕ್ಕೆ."

ಚನ್ನು ಬಗ್ಗಿ ಬಾವುಟಗಳನ್ನು ಆಯ್ದುಕೊಂಡ. ಅರ್ಧ ತಾನಿಟ್ಟುಕೊಂಡು ಅರ್ಧ ಅವಳ ಕೈಗೆ ಕೊಟ್ಟ.

"ಹಿಂಗ ಮಾಡೋಣ್ರಿ. ಇನ್ನ ಮ್ಯಾಲೆ ಕೊನೆಗೆ ಇಬ್ರೂ ಬರೋಣ. ಒಬ್ರು ಬಾವುಟ ಕೀಳಾಕ, ಒಬ್ರು ಅತ್ತಿ ಶೂ ಕಾಯಾಕ."

"ಅತ್ತೇನಾ?" ಅವಳು ಹುಬ್ಬು ಗಂಟಿಕ್ಕಿದಳು. "ಈಗ ತಾನೆ ಅಮ್ಮಾರು ಅಂತಿದ್ರಿ. ಅತ್ತೆ ಯಾವಾಗ ಆದ್ರು?"

"ನೀವು ಹೂಂ ಅಂದಾಗಿಂದ."

"ನಾನಿನ್ನೂ ಹೂಂ ಅಂದಿಲ್ಲ!"

"ಅನ್ರಿ ಮತ್ತ. ನಾ ಎಲ್ಲಿಗೂ ಓಡಂಗಿಲ್ಲ."

"ಹೂಂ!" ಎಂದಳು ಯಮುನಾ, ಬೈಯುವ ದನಿಯಲ್ಲೇ.