ನಲವತ್ತು ಬಾರಿ ಅದೇ ಕಲೆ

ಟಕ್.

ರಾತ್ರಿ ಹನ್ನೊಂದು ದಾಟಿತ್ತು. ಖಾಲಿ ಆಫೀಸಿನಲ್ಲಿ ಒಬ್ಬಳೇ ಕೆಲಸ ಮಾಡುತ್ತಿದ್ದ ಅವಳು ಚಿಲಕ ಸರಿದ ಆ ಸಣ್ಣ ಸದ್ದಿಗೇ ಬಾಗಿಲತ್ತ ತಿರುಗಿದಳು. ಕೈ ತಾನಾಗಿ ಕತ್ತರಿ ಹಿಡಿಯಿತು. ಅಣ್ಣ ಬಂದನೇ?

ಅಣ್ಣನಲ್ಲ. ಎತ್ತರದ ಆಳು, ಕೆಂಡದಂಥ ಕಣ್ಣು... ಎಲ್ಲರೂ ಹೇಳುತ್ತಿದ್ದ ಸೈಟ್ ಎಂಜಿನಿಯರ್ ಇವನೇ ಇರಬೇಕು. ಅವನ ಸಿಟ್ಟಿಗೆ ಆಫೀಸಿನವರು ಇಟ್ಟ ಹೆಸರು ಸಿಡಿಗುಂಡು. ನಾಲ್ಕು ತಿಂಗಳಿಂದ ಇವಳ ಡ್ರಾಯಿಂಗ್‌ಗಳು ಅವನ ಸೈಟಿಗೆ ಹೋಗುತ್ತಿದ್ದರೂ ಎದುರೆದುರು ಕಂಡಿದ್ದು ಇದೇ ಮೊದಲು.

ಅವನು ಕಟ್ಟಡದ ಚಿತ್ರದ ಪ್ರಿಂಟೊಂದನ್ನು ಮೇಜಿಗೆ ಬಡಿದ.

"ಈ ಗೋಡೆ ಮಾಡಿದ್ದು ನೀವಾ?"

"ಹೌದು."

"ಮಕ್ಕಳ ಆಸ್ಪತ್ರೆ ರೀ ಇದು. ಬೆಳಗ್ಗೆ ಒಂಬತ್ತಕ್ಕೆ ಟ್ರಸ್ಟಿನವರು ನೋಡ್ತಾರೆ. ಗೋಡೆ ತುಂಬ ಗುದ್ದಿದ ಗುಳಿ, ಕಂದು ಕಲೆ. ಎಣಿಸಿದೆ, ನಲವತ್ತಿವೆ. ಹುಡುಗಾಟಾನಾ?"

ಅವಳು ನೋಡಿದಳು. ಆ ಗುಳಿಯ ಗುರುತು ಹತ್ತಿತು.

ಗಾರೆಗೋಡೆಯ ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಬಿಡಿಸಿದ ಕಟ್ಟಡದ ಗೋಡೆಗೆ ಹೊದಿಸುವುದು ಅವಳ ಕೆಲಸ. ಒಂದು ಚಿತ್ರ ಕೊಟ್ಟರೆ ಸಾಫ್ಟ್‌ವೇರ್ ಅದನ್ನೇ ಮತ್ತೆ ಮತ್ತೆ ಜೋಡಿಸಿ ಗೋಡೆ ತುಂಬಿಸುತ್ತದೆ. ಫೋನಿನಿಂದ ಕಂಪ್ಯೂಟರಿಗೆ ಬರುವ ಆ ಗೋಡೆಗಳ ಫೋಲ್ಡರಿನಲ್ಲೇ ಅವಳು ಇನ್ನೊಂದು ಬಗೆಯ ಫೋಟೊಗಳನ್ನೂ ಬಚ್ಚಿಟ್ಟಿದ್ದಳು. ಅವಳ ಫೋನ್ ಜಾಲಾಡುವ ಅಣ್ಣನಿಗೆ ಗೋಡೆ ಚಿತ್ರಗಳೆಂದರೆ ಬೇಸರ. ಅಲ್ಲಿ ಅವನು ಹುಡುಕುವುದಿಲ್ಲ.

"ತಪ್ಪು ಚಿತ್ರ ಹಾಕಿದೀನಿ. ಈಗ್ಲೇ ಬದಲಾಯಿಸ್ತೀನಿ."

ಬೈಯಲಿ, ಹೊಡೆಯದಿದ್ದರೆ ಸಾಕು... ಎಂದುಕೊಂಡು ಫೋಲ್ಡರ್ ತೆರೆದಳು. ಒಡೆದ ಬಾಗಿಲು. ಕೆಂಪಾದ ಸಿಂಕು. ಕೂದಲು ಅಂಟಿದ ಗೋಡೆ. ಪ್ರತಿಯೊಂದಕ್ಕೂ ತಾರೀಖು.

ಅವನ ದನಿ ಇಳಿಯಿತು. "ಇದು... ಯಾರ ಮನೆ?"

"ನಮ್ಮದೇ. ಅಪ್ಪ ಅಮ್ಮ ಇಲ್ಲ. ಅಣ್ಣ ಇದ್ದಾನೆ."

"ಆ ಕಲೆ?"

"ನನ್ನ ಮೂಗಿಂದು."

ಅವನು ಕುರ್ಚಿ ಎಳೆದು ಕೂತ. "ಗೊತ್ತಿಲ್ದೆ ಕೂಗಾಡಿಬಿಟ್ಟೆ. ಇವತ್ತು ಆ ಮನೆಗೆ ಹೋಗ್ಬೇಡಿ."

ಅಷ್ಟರಲ್ಲಿ ಬಾಗಿಲು ಗೋಡೆಗೆ ಅಪ್ಪಳಿಸಿತು.

"ಓಹೋ, ಓವರ್‌ಟೈಮ್ ಇವನ ಜೊತೆನಾ?"

ಅಣ್ಣ ಅವಳ ಜುಟ್ಟು ಹಿಡಿದು ಮುಖವನ್ನು ಮೇಜಿಗೆ ಕುಟ್ಟಿದ. ಹಲ್ಲು ತುಟಿಯೊಳಗೆ ಇಳಿಯಿತು. ಎಂಜಿನಿಯರ್ ಅಣ್ಣನ ಕುತ್ತಿಗೆಗೆ ತೋಳು ಹಾಕಿ ಎಳೆದ. ಇಬ್ಬರೂ ಟೈಲು, ಕಲ್ಲುಗಳ ಸ್ಯಾಂಪಲ್ ಇಟ್ಟಿದ್ದ ಕಪಾಟಿನ ಮೇಲೆ ಬಿದ್ದರು, ಗಾಜು ಪುಡಿಯಾಯಿತು. ಅಣ್ಣ ಒಂದು ಟೈಲ್ ಎತ್ತಿ ಎಂಜಿನಿಯರನ ತಲೆಗೆ ಹೊಡೆದ. ಒಮ್ಮೆ. ಮತ್ತೊಮ್ಮೆ. ಆದರೂ ಎಂಜಿನಿಯರ್ ಹಿಡಿತ ಬಿಡಲಿಲ್ಲ.

ಮೂರನೆಯ ಏಟಿಗೆ ಕೈ ಮೇಲೇರಿದಾಗ ಅವಳು ಗ್ರಾನೈಟಿನ ತುಂಡೊಂದನ್ನು ಎರಡೂ ಕೈಯಲ್ಲಿ ಎತ್ತಿ ಅಣ್ಣನ ಮಣಿಕಟ್ಟಿಗೆ ಬೀಸಿದಳು. ಮೂಳೆ ಮುರಿದದ್ದು ಕೇಳಿಸಿತು.

"ಒಡಹುಟ್ಟಿದವನ ಕೈ ಮುರಿದ್ಯಲ್ಲೇ..." ಅಣ್ಣ ನರಳುತ್ತ ಕುಸಿದ. "ಮನೆಗೆ ಬಾ, ನೋಡ್ಕೋತೀನಿ."

"ಬರಲ್ಲ ಅಣ್ಣ. ಇವತ್ತಲ್ಲ, ಇನ್ಯಾವತ್ತೂ ಇಲ್ಲ."

ಸದ್ದಿಗೆ ಓಡಿಬಂದ ವಾಚ್‌ಮನ್ ಅಣ್ಣನನ್ನು ರಟ್ಟೆ ಹಿಡಿದು ಕೆಳಗೆ ಎಳೆದೊಯ್ದ. ಪೊಲೀಸರಿಗೆ ಅವಳೇ ಫೋನ್ ಮಾಡಿದಳು.

ತಿರುಗಿದರೆ, ಎಂಜಿನಿಯರ್ ಹಣೆ ಮುಟ್ಟಿ ಬೆರಳು ನೋಡಿಕೊಳ್ಳುತ್ತಿದ್ದ.

"ಇದು... ನಂದಾ?" ಎಂದವನೇ ಬುಡ ಕಡಿದ ಬಾಳೆಯಂತೆ ಉರುಳಿದ.

ಅವಳು ಅವನ ತಲೆಯನ್ನು ತೊಡೆಗೆ ಎಳೆದುಕೊಂಡು ಗಾಯಕ್ಕೆ ದುಪಟ್ಟಾ ಒತ್ತಿ ಹಿಡಿದಳು. ಹೋಗಬೇಡಿ... ಈಗಷ್ಟೇ ಬಂದಿದೀರಿ... ಎಂದುಕೊಂಡಳು.

ಸ್ವಲ್ಪ ಹೊತ್ತಿಗೆ ಅವನು ಕಣ್ಣು ಬಿಟ್ಟ.

"ಏಟಿಗೆ ಬಿದ್ದಿದ್ದಲ್ಲ ರೀ. ನಂಗೆ ಹಸಿ ರಕ್ತ ನೋಡಿದ್ರೆ ಆಗಲ್ಲ."

ಹರಿದ ತುಟಿಯಲ್ಲೂ ಅವಳಿಗೆ ನಗು ಬಂತು. "ಇಷ್ಟು ಹೊತ್ತಲ್ಲಿ ಬರಬೇಕಿತ್ತಾ? ಫೋನಲ್ಲೇ ಬೈಬಹುದಿತ್ತು."

"ಬರೋಕೆ ನೆಪ ಬೇಕಿತ್ತು. ಚಿತ್ರದ ಬರೀ ಗೋಡೆಗೇ ಇಷ್ಟು ಜೋಪಾನವಾಗಿ ಬೆಳಕು ಬೀಳಿಸೋರು ಹೇಗಿರ್ತಾರೋ ಅಂತ, ನಾಲ್ಕು ತಿಂಗಳಿಂದ..."

"ನೋಡಿದ್ರಲ್ಲ. ತುಟಿ ಹರಿದಿದೆ, ಮೂಗು ಊದಿದೆ."

"ನೀವು ಬಿಟ್ರೆ ದಿನಾ ನೋಡ್ತೀನಿ."

ಅವಳು ಅವನ ಕೈ ಹಿಡಿದಳು, ಬಿಡಲಿಲ್ಲ.

ಕೆಳಗೆ ಪೊಲೀಸ್ ಜೀಪು ನಿಂತಿತು. ಅವನು ಗಡಿಬಿಡಿಯಿಂದ ಎದ್ದು ಕೂತ. "ನಾನು ಹೀಗೆ ಬಿದ್ದಿದ್ದು... ಆಫೀಸಲ್ಲಿ..."

"ಯಾವಾಗ ಬಿದ್ರಿ?" ಎಂದಳು ಅವಳು.

ಅಣ್ಣನ ವಿಷಯ ಒಂದನ್ನೂ ಬಿಡದೆ ಪೊಲೀಸರಿಗೆ ಹೇಳುವವಳಿದ್ದಳು. ಸಿಡಿಗುಂಡು ಮೂರ್ಛೆ ಹೋದದ್ದನ್ನು ಮಾತ್ರ ಯಾರಿಗೂ ಹೇಳುವುದಿಲ್ಲವೆಂದು, ಆ ಕೈ ಹಿಡಿದುಕೊಂಡೇ, ತೀರ್ಮಾನಿಸಿದಳು.