ಕೆಂಪು ಶೂಗಳ ಮುಖ

"ಮತ್ತೆ ತಿರುಗಿಸಿಟ್ಟಿದ್ದಾನೆ!"

ಚಿಗುಸಾ ತನ್ನ ಕೆಂಪು ಶೂಗಳನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟಳು. ಗಡಿಬಿಡಿಯಲ್ಲಿ ಕಳಚಿ, ಒಳಮುಖವಾಗಿಯೇ ಬಿಟ್ಟು ಹೋಗಿದ್ದಳು. ಈಗ ಅವು ಜೋಡಿಯಾಗಿ ಹೊರಗಡೆಗೆ ಮುಖ ಮಾಡಿ, ಹೊರಡಲು ಸಿದ್ಧವಾಗಿ ಕೂತಿದ್ದವು.

ಜಪಾನಿನ ತಕಮತ್ಸು ಊರಿನ ಮ್ಯೂಸಿಯಂನಲ್ಲಿ ಹಿರಿಯ ಕಲಾವಿದೆ ಕುವಬಾರಾ ಅವರ ಐವತ್ತು ವರ್ಷಗಳ ಕೆಲಸವನ್ನೆಲ್ಲ ಒಟ್ಟಿಗೆ ಪ್ರದರ್ಶನಕ್ಕಿಟ್ಟಿದ್ದರು. ಕೊನೆಯ ಕೋಣೆಯಲ್ಲಿ ನೆಲಕ್ಕೆ ಹುಲ್ಲಿನ ಚಾಪೆ, ಮೇಲಿನಿಂದ ಇಳಿಬಿದ್ದ ಸಾವಿರಾರು ನೀಲಿ ನೂಲು. ಶೂ ಬಿಚ್ಚಿಯೇ ಒಳಗೆ ಹೋಗಬೇಕು. ಪ್ರದರ್ಶನದ ಹೊಣೆ ಚಿಗುಸಾಳದು. ನೂಲು ಸಿಕ್ಕಾಗದಂತೆ ಕಾಯುವವನು ಕಲಾವಿದೆಯ ಸಹಾಯಕ ಕೇಗೊ.

ಬಂದವರ ಶೂಗಳನ್ನು ಹೊರಡುವ ದಿಕ್ಕಿಗೆ ತಿರುಗಿಸಿಡುವುದು ಮರ್ಯಾದೆ, ಸರಿ. ಆದರೆ ಇವನು ಬೇರೆ ಯಾರದ್ದನ್ನೂ ಮುಟ್ಟುವುದಿಲ್ಲವಲ್ಲ! ಇದು ಅಕ್ಕರೆಯೋ, ಬೇಗ ಜಾಗ ಖಾಲಿ ಮಾಡು ಅಂತಲೋ? ಚಿಗುಸಾಳಿಗೆ ತಲೆಬುಡ ಅರ್ಥವಾಗಲಿಲ್ಲ.

"ನಾನು ಒಳಗೆ ಬಂದ್ರೆ ನಿಮ್ಗೇನಾದ್ರೂ ತೊಂದ್ರೆನಾ?" ಒಂದು ದಿನ ಅವನನ್ನು ಕೇಳಿಯೇಬಿಟ್ಟಳು.

"ಛೇ, ಇಲ್ಲ. ಯಾಕೆ?"

"ಮತ್ತೆ ಶೂ?"

"ನಿಮ್ಗೆ ಯಾವಾಗ್ಲೂ ಅರ್ಜೆಂಟು. ಹೋಗೋಕೆ ಸುಲಭ ಆಗ್ಲಿ ಅಂತ..."

ಹಾಗೆನ್ನುವಾಗ ಅವನ ಕಿವಿ ಕೆಂಪಾಗಿತ್ತು. ಕಿವಿ ಒಂದು ಹೇಳುತ್ತಿತ್ತು, ಬಾಯಿ ಇನ್ನೊಂದು. ಯಾವುದನ್ನು ನಂಬುವುದು?

ನೋಡನೋಡುತ್ತ ಕೊನೆಯ ದಿನ ಬಂದೇಬಿಟ್ಟಿತು. ನಾಳೆ ನೂಲು ಬಿಚ್ಚಿ, ಪೆಟ್ಟಿಗೆ ತುಂಬಿ, ಕೇಗೊ ದೇಶದ ಇನ್ನೊಂದು ತುದಿಯ ಅಓಮೊರಿಗೆ ಹೊರಡುವವನು. ಇವತ್ತು ಕೇಳದಿದ್ದರೆ ಇನ್ನೆಂದೂ ಇಲ್ಲ ಎಂದುಕೊಂಡೇ ಚಿಗುಸಾ ಕೋಣೆಯೊಳಗೆ ಹೋದಳು. ಆದರೆ ಅವನ ಎದುರು ನಿಂತು "ನೂಲು ಚೆನ್ನಾಗಿದೆ" ಎಂದಷ್ಟೇ ಹೇಳಿ ಹಿಂತಿರುಗಿದಳು.

ಬಂದು ನೋಡಿದರೆ ಶೂಗಳು ಬಿಟ್ಟಂತೆಯೇ ಇದ್ದವು, ಒಳಮುಖವಾಗಿ. ಇಷ್ಟು ದಿನ ತಿರುಗಿಸಿದ್ದಕ್ಕೆ ಸಿಟ್ಟು, ಇವತ್ತು ತಿರುಗಿಸದಿದ್ದುದಕ್ಕೆ ಅಳು. ಅವುಗಳಿಗೆ ಒತ್ತಿಕೊಂಡೇ ಕೇಗೊನ ಕಪ್ಪು ಶೂಗಳೂ ಇದ್ದವು. ಅವೂ ಒಳಮುಖ! ಅವನ್ನು ಹಾಗೆ ಅವಳು ಎಂದೂ ಕಂಡಿರಲಿಲ್ಲ. ಸುತ್ತ ಜನ ಕೈ ಹಿಂದೆ ಕಟ್ಟಿಕೊಂಡು, ಬಗ್ಗಿ ಬಗ್ಗಿ ನೋಡುತ್ತಿದ್ದರು.

"ಇದಕ್ಕೆ ಹೆಸರಿನ ಚೀಟಿನೇ ಹಾಕಿಲ್ವಲ್ಲ?" ಒಬ್ಬ ಅಜ್ಜ ಕೇಳಿದ.

ಚಿಗುಸಾ ಕೈ ಚಾಚಿದ್ದೇ ತಡ, ಅವನ ಹೆಂಡತಿ ಗದರಿದಳು. "ಮುಟ್ಬೇಡಮ್ಮಾ, ಪ್ರದರ್ಶನಕ್ಕಿಟ್ಟಿರೋದು!"

ತನ್ನ ಶೂ ತಾನೇ ಮುಟ್ಟಲಾಗದೆ ಚಿಗುಸಾ ಕಾಲುಚೀಲದಲ್ಲಿ ನಿಂತಳು. ಗುಂಪಿನ ಹಿಂದಿನಿಂದ ಕುವಬಾರಾ ನಕ್ಕರು. "ಇದು ನನ್ನ ಕೈಕೆಲ್ಸ ಅಲ್ಲಪ್ಪ. ಒಳಗೆ ಕೂತಿದ್ದಾನಲ್ಲ, ಅವನನ್ನ ಕೇಳಿ."

ಕೇಗೊ ನೂಲು ಸರಿಸಿ ಹೊರಗೆ ಬಂದ. ಈಗ ಮುಖವೂ ಕೆಂಪು.

"ಇವತ್ತು ತಿರುಗಿಸೋಕೆ ಕೈ ಬರ್ಲಿಲ್ಲ. ನೀವು ಹೋಗೋದು ಬೇಡ ಅನ್ನಿಸ್ತು."

"ಹೋಗ್ತಿರೋರು ನೀವು!"

"ಅದಕ್ಕೇ ನನ್ದೂ ತಿರುಗಿಸಿಲ್ಲ."

"ಇಷ್ಟ ಇದ್ರೆ ಬಾಯ್ಬಿಟ್ಟು ಹೇಳೋಕೇನ್ರೀ ಕಷ್ಟ?"

"ಇಷ್ಟ," ಎಂದ ಕೇಗೊ. "ತುಂಬಾ."

ಅಜ್ಜ ಚಪ್ಪಾಳೆ ತಟ್ಟಿದ. ಮುಚ್ಚುವ ಹೊತ್ತಾಯಿತೆಂದು ಮೈಕಿನಲ್ಲಿ ಹೇಳುತ್ತಿದ್ದರು. ಚಿಗುಸಾ ಶೂ ಹಾಕಿಕೊಳ್ಳಲಿಲ್ಲ. ಒಳಗೆ ಹೋಗಿ, ಚಾಪೆಯ ಮೇಲೆ ಅವನಿಗೂ ಜಾಗ ಬಿಟ್ಟು ಕೂತಳು.