ತಳ ಕಾಣದ ಬ್ಯಾಟರಿ

"ಈ ಗಾಡಿ ಇಲಕಲ್ ಮುಟ್ಟಿ ತಿರುಗಿ ಬರೂದಿಲ್ರಿ. ನಡು ದಾರ್‍ಯಾಗ ಕೈ ಕೊಡ್ತೈತಿ!"

ಕುಳಗೇರಿ ಕ್ರಾಸಿನ ಚಾರ್ಜಿಂಗ್ ಸೆಂಟರಿನಲ್ಲಿ, ಎಲೆಕ್ಟ್ರಿಕ್ ಕಾರಿನ ಹಿಂದಿನ ಸೀಟಿನ ಪ್ರವಾಸಿಗರ ಎದುರಿಗೇ ಆತ ಹೀಗಂದಾಗ ಸಂಪದಾಳ ಮೈಯೆಲ್ಲ ಉರಿಯಿತು.

"ಹೇಳಲಿಕ್ಕೆ ನೀವ್ಯಾರ್ರೀ?"

"ಯುವರಾಜ. ಈ ಸೆಂಟರ್ ನಂದ. ಹೊಸದಿದ್ದಾಗ ಮೂವತ್ತು ಯೂನಿಟ್ ಹಿಡೀತಿದ್ದ ಬ್ಯಾಟರಿ, ಈಗ ಇಪ್ಪತ್ತೆರಡು ಅಂತ ನಿಮ್ಮ ಗಾಡಿನ ತೋರಸಾಕತ್ತೈತಿ."

"ತೋರಸ್ಲಿ! ನಾ ನಂಬಂಗಿಲ್ಲ."

ಧೂಳೆಬ್ಬಿಸಿ ಹೋದಳು. ಛೇ... ಇಷ್ಟು ಚೆಂದದ ಕಣ್ಣಿನವನಿಗೆ ಇಂಥ ಬಾಯಿ ಯಾಕೆ ಕೊಟ್ಟನೋ ದೇವರು!

ಮರುದಿನ ಬಾದಾಮಿಯ ಲಾಡ್ಜಿನ ಮಾಲೀಕ ಶಿರೀಷ ಫೋನ್ ಮಾಡಿದ. ಅವನ ಅತಿಥಿಗಳನ್ನು ಮಹಾಕೂಟ, ಇಲಕಲ್ ಎಂದು ಸುತ್ತಿಸುವುದೇ ಅವಳ ದುಡಿಮೆ.

"ಬ್ಯಾಟರಿ ಸತ್ತದಂತಲ್ಲ, ಸಂಪದಾ? ಸೋಮವಾರದಿಂದ ಬ್ಯಾರೆ ಗಾಡಿ ನೋಡ್ತೇನಿ."

ಊರೆಲ್ಲ ಬೇಡವೆಂದರೂ ಹಟಕ್ಕೆ ಬಿದ್ದು ಕೊಂಡ ಗಾಡಿ! 'ಹುಡುಗಿ ಡ್ರೈವರಾ?' ಎಂದು ನಕ್ಕವರಿಗೆ ಮತ್ತೆ ಹಬ್ಬ. ಸೀದಾ ಕುಳಗೇರಿಗೇ ನುಗ್ಗಿದಳು.

"ಶಿರೀಷಣ್ಣಗ ಚಾಡಿ ಹೇಳಿದವ್ರು ನೀವ ಅಲ್ಲ?"

ಯುವರಾಜನ ಮುಖ ಸಣ್ಣದಾಯಿತು. "ನಾ ಹೇಳಿಲ್ರಿ. ನಿಮ್ಮ ಸೀಟಿನ್ಯಾಗ ಕೂತವ್ರು ಹೇಳಿರಬೇಕು. ಆದ್ರ ಮಂದಿ ಮುಂದ ಬಾಯಿ ಬಿಟ್ಟಿದ್ದು ನಂದ ತಪ್ಪು... ಒಂದ ಮಾತು ಹೇಳ್ರಿ, ಚಾರ್ಜ್ ಎಲ್ಲಿ ತನಕ ಇಳಿಯಾಕ ಬಿಡ್ತೀರಿ?"

"ಅರ್ಧದ ಕೆಳಗ ಎಂದೂ ಬಿಟ್ಟಿಲ್ಲ, ದಾರ್‍ಯಾಗ ಸಿಕ್ಕಲ್ಲಿ ತುಂಬಸ್ತೇನಿ. ಹಿಟ್ಟಿನ ಡಬ್ಬಿ ತಳ ಕಾಣಬಾರದು ಅಂತಾಳ ನಮ್ಮಜ್ಜಿ ತುಳಸೀಬಾಯಿ. ಅನ್ನ ಹಾಕೋ ಗಾಡಿಗೂ ಅದ ನೇಮ!"

ಅವನು ನಕ್ಕುಬಿಟ್ಟ. "ಅದಕ್ಕ! ತಳಾನ ಕಾಣದ ಗಾಡಿ ತನ್ನ ಹೊಟ್ಟಿ ಎಷ್ಟು ಅನ್ನೂದ ಮರತೈತಿ. ಅಂದಾಜು ತಪ್ಪಿರಬಹುದು. ಒಮ್ಮೆ ಪೂರಾ ತುಂಬಿಸಿ, ಪೂರಾ ಇಳಿಸಿ, ಮತ್ತ ಎಷ್ಟು ಹಿಡೀತೈತಿ ಅಳೀಬೇಕ್ರಿ."

ಅಜ್ಜಿಯ ನೇಮ ಮುರಿಯುವುದೇ? ಆದರೆ ಹಟವೂ ಅಜ್ಜಿಯಿಂದಲೇ ಬಂದದ್ದಲ್ಲವೇ!

"ತುಂಬಸ್ರಿ. ನೀವೂ ಕೂಡ್ರಿ. ನಡು ದಾರ್‍ಯಾಗ ನಿಂತ್ರ ನೀವ ದೂಕಬೇಕು!"

ಚಾರ್ಜ್ ಇಳಿಸಲೆಂದೇ ಬಾದಾಮಿ, ಬಾಗಲಕೋಟೆ ಎಂದು ಬಳಸು ದಾರಿಯಲ್ಲಿ ಸುತ್ತಿ ಹುನಗುಂದ ದಾಟುವಷ್ಟರಲ್ಲಿ ಪರದೆಯ ಮೇಲೆ ಚಾರ್ಜ್ ಸೊನ್ನೆಗೆ ಬಂತು. ಸಂಪದಾ ಸ್ಟೇರಿಂಗ್ ಬಿಗಿಯಾಗಿ ಹಿಡಿದಳು.

"ಹೆದರಬ್ಯಾಡ್ರಿ, ನಾ ಇದ್ದೇನಿ."

"ನಾ ಹೆದರೂ ಪೈಕಿ ಅಲ್ಲ!" ಎಂದಳು, ಕಣ್ಣಲ್ಲಿ ನೀರು ತುಂಬಿದ್ದರೂ. ಅವನು ಈ ಸಲ ನಗಲಿಲ್ಲ.

ಇಲಕಲ್ ಬಂತು. ಗಾಡಿ ನಿಲ್ಲಲಿಲ್ಲ! ಊರನ್ನೇ ಎರಡು ಸುತ್ತು ಹಾಕಿ, ಬ್ಯಾಟರಿ ನಿಜಕ್ಕೂ ಬರಿದಾಗಿ ವೇಗ ತಾನಾಗಿ ಕುಗ್ಗಿದ ಮೇಲಷ್ಟೇ ಚಾರ್ಜಿಂಗ್‌ಗೆ ಹಚ್ಚಿದರು. ಬ್ಯಾಟರಿ ತುಂಬಿದಾಗ ಯುವರಾಜ ಅಲ್ಲಿ ನೆರೆದವರೆಲ್ಲ ಕೇಳುವಂತೆ ಶಿರೀಷನಿಗೆ ಫೋನ್ ಹಚ್ಚಿದ.

"ಇಪ್ಪತ್ತಾರು ಯೂನಿಟ್ ಹಿಡದೈತ್ರಿ! ಬ್ಯಾಟರಿ ಸವದೈತಿ ಖರೆ, ಸತ್ತಿಲ್ಲ. ಇಲಕಲ್ಲಿಗೆ ಆರಾಮ ಹೋಗಿ ಬರ್ತೈತಿ. ತಪ್ಪು ಮಾತಾಡಿದಾಂವ ನಾನ."

"ಹಂಗಾರ ಸೋಮವಾರ ಬರ್ಲಿಕ್ಕೆ ಹೇಳ್ರಿ ಆಕಿಗೆ," ಎಂದ ಶಿರೀಷ.

ಗೆದ್ದೆ ಎಂದು ಕುಣಿಯಬೇಕಿತ್ತು. ಅವಳಿಗೆ ಅವನ ಮುಖವನ್ನೇ ನೋಡುತ್ತ ನಿಲ್ಲಬೇಕೆನಿಸಿತು.

"ದೂಕೂದು ತಪ್ಪಿತಲ್ಲ ನಿಮಗ..."

"ನೀವು ಹೂಂ ಅಂದ್ರ ದಿನಾ ಬಾಜೂಕ ಕೂಡ್ತೇನಿ. ನಿಮ್ಮ ಮ್ಯಾಲೆ ಮನಸಾಗೈತಿ, ಸಂಪದಾ. ಆದ್ರ... ಮಂದಿ ಏನಂದಾರು?"

"ಅನ್ಲಿ! ಗಾಡಿ ತಗೊಂಡಾಗೂ ಅಂದ್ರು." ಅವಳ ಕೆನ್ನೆ ಕೆಂಪಾಯಿತು. "ಎಲ್ಲಿ ತನಕ ಕೂಡ್ತೀರಿ?"

"ಈ ಬ್ಯಾಟರಿ ಮುಗಿಯೂತನಕ."

"ಬ್ಯಾಟರಿ ಹೊಸದು ಹಾಕಸ್ತೇನಿ. ನಿಮ್ಮನ್ನ ಇಳಸಂಗಿಲ್ಲ!"